ಜಾಲಿ ಗಿಡ ಮತ್ತು ಆಯಿಯ ಚರಗ

ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹತ್ತಿಯ ಮೊದಲ ಎಳೆಗೆ ಬೆಂಕಿ ತಗುಲಿತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಉಪದೇಶ ಮಾಡುವಾಗ ಅಪ್ಪ ತನ್ನ ಜೇಬುಗಡಿಯಾರವನ್ನು ಮೇಜಿನ ಮೇಲೆ ತೆರೆದಿಡುತ್ತಿದ್ದ. ಮುಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತಿದ್ದ ನಾನು, ಈತ ಯಾವಾಗ ಮುಗಿಸುತ್ತಾನೋ ಎಂದು ಅದನ್ನೇ ನೋಡುತ್ತಿದ್ದೆ. ಬೆನ್ನ ಹಿಂದೆ ಯಾರೋ ಒಣ ಹುಲ್ಲನ್ನು ತುಳಿದಂಥ ಸಪ್ಪಳವಾಯಿತು. ತಿರುಗಿದರೆ ಬಾಗಿಲ ಪಕ್ಕದ ಗಿಡ ಬುಡದಿಂದ ತುದಿಯವರೆಗೆ ಉರಿಯುತ್ತಿತ್ತು.

ಆ ಗಿಡವನ್ನು ಅಲ್ಲಿಗೆ ತಂದವಳು ನಾನು.

ಮೂವತ್ತರ ದಶಕದ ನಡುವಿನ ಮಾತು. ಕುಷ್ಟಗಿಯಿಂದ ಯಲಬುರ್ಗಿಗೆ ಹೋಗುವ ದಾರಿಯ ಒಂದು ಊರಿನಲ್ಲಿ ಅಪ್ಪ ಉಪದೇಶಿಯಾಗಿದ್ದ. ಕ್ರೈಸ್ತರ ಮನೆಗಳು ಒಂಬತ್ತು. ಎಲ್ಲರೂ ಊರ ಹೊರಗಿನ ಕೇರಿಯವರೇ. ಪ್ರಾರ್ಥನೆ ಮನೆಯೂ ಊರ ಹೊರಗಿತ್ತು: ಮಣ್ಣಿನ ಗೋಡೆ, ಹುಲ್ಲಿನ ಚಾವಣಿ, ಒಂದೇ ಬಾಗಿಲು, ಅಡ್ಡಪಟ್ಟಿ ಬಡಿದ ಎರಡು ಸಣ್ಣ ಕಿಟಕಿ. ಹಿಂದಿನ ಗೋಡೆಗೆ ಹತ್ತಿಕೊಂಡೇ ಹೊಲಗಳು ಶುರುವಾಗುತ್ತಿದ್ದವು. ಅವುಗಳಲ್ಲಿ ಒಂದು ತುಂಡು ನಮ್ಮದು. ಆಗ ನಾನು ಹೈದರಾಬಾದಿನ ಕಾಲೇಜಿನಲ್ಲಿ ಓದುತ್ತಿದ್ದೆ. ಆ ಒಂಬತ್ತು ಮನೆಗಳಲ್ಲಿ ಅಷ್ಟು ದೂರ ಓದಿದವಳು ನಾನೊಬ್ಬಳೇ. ರಜೆಗೆ ರೈಲಿನಲ್ಲಿ ಕೊಪ್ಪಳಕ್ಕೆ ಬಂದು, ಅಲ್ಲಿಂದ ಬಂಡಿಯಲ್ಲಿ ಊರು ಸೇರಿದಾಗ ಮನೆಯಲ್ಲಿ ಜಗಳ ಆಗಲೇ ಶುರುವಾಗಿತ್ತು.

ಆ ವರ್ಷ ಕ್ರಿಸ್‌ಮಸ್ಸೂ ಎಳ್ಳಮವಾಸ್ಯೆಯೂ ಒಂದೇ ದಿನ ಬಿದ್ದಿದ್ದವು. ಎಳ್ಳಮವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಉಣ್ಣುವ ಮೊದಲು ಬೆಳೆಯ ಸುತ್ತ ನಡೆಯುತ್ತ ಅನ್ನವನ್ನು ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲುವಾಗ ಉದ್ದಕ್ಕೆ ಒಂದು ಕೂಗು ಹಾಕುತ್ತಾರೆ, ಭೂಮಿಗೂ ಇರುವೆಗೂ ಹಕ್ಕಿಗೂ ಕೇಳುವಂತೆ. ಅಪ್ಪನ ತಾಯಿ, ನನ್ನ ಆಯಿ, ದೀಕ್ಷಾಸ್ನಾನವಾಗಿ ನಲವತ್ತು ವರ್ಷವಾದರೂ ಚರಗ ಬಿಟ್ಟಿರಲಿಲ್ಲ. ಐದು ಕಲ್ಲು ಬಿಟ್ಟಿದ್ದಳು, ಕುಂಕುಮ ಬಿಟ್ಟಿದ್ದಳು. ಕರ್ತನ ಪ್ರಾರ್ಥನೆಯನ್ನು ಹೊಲದ ನಡುವೆ ನಿಂತು ಹೇಳಿ, ಆಮೇಲೆ ಅನ್ನ ಚೆಲ್ಲುತ್ತಿದ್ದಳು. ಅಪ್ಪ ಅಷ್ಟು ವರ್ಷ ಕಂಡೂ ಕಾಣದವನಂತಿದ್ದ. ಈ ಸಲ ಎರಡೂ ಒಂದೇ ದಿನ ಬಂದದ್ದರಿಂದ ಹಾಗಿರಲು ಆಗಲಿಲ್ಲ. ಹಿಂದಿನ ಭಾನುವಾರದ ಆರಾಧನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದ್ದ: ಚರಗಕ್ಕೆ ಹೋದವರಿಗೆ ಕ್ರಿಸ್‌ಮಸ್ಸಿನ ದಿನ ಕರ್ತನ ಭೋಜನವಿಲ್ಲ. ಅದು ಯಾರನ್ನು ಕುರಿತದ್ದೆಂದು ಎಲ್ಲರಿಗೂ ಗೊತ್ತಿತ್ತು.

ಆಯಿಗೆ ಕರ್ತನ ಭೋಜನದಲ್ಲಿ ಕೊಡುವ ಆ ರೊಟ್ಟಿಯ ತುಣುಕು, ಒಣದ್ರಾಕ್ಷಿ ನೆನೆಸಿ ಹಿಂಡಿದ ಆ ಒಂದು ಗುಟುಕು ರಸ ಎಂದರೆ ಏನೆಂದು ನಾನು ಬಲ್ಲೆ. ಊರ ಬಾವಿಯಲ್ಲಿ ನೀರು ಸೇದಲು ಬಿಡದವರ ನಡುವೆ ಹುಟ್ಟಿದವಳು ಅವಳು. ಎಲ್ಲರೂ ಒಂದೇ ಬಟ್ಟಲಿಗೆ ಬಾಯಿ ಹಚ್ಚುವ ಆ ಮೇಜಿನಿಂದ ಅವಳನ್ನು ತೆಗೆದುಹಾಕುವುದು ಸಣ್ಣ ಶಿಕ್ಷೆಯಾಗಿರಲಿಲ್ಲ.

ಅಪ್ಪನದೂ ಹಟವಲ್ಲ, ಹೆದರಿಕೆ. ನಾನು ಬಂದ ಮಾರನೆಯ ಸಂಜೆ ಅವರಿಬ್ಬರ ಮಾತು ಒಲೆಯ ಮುಂದೆಯೇ ನಡೆಯಿತು.

"ಅವ್ವಾ, ಅದು ಅವರ ಹಬ್ಬ. ನಮಗ್ಯಾಕ?" ಎಂದ ಅಪ್ಪ.

"ಜ್ವಾಳ ಅವರದೇನು? ಇರಿವಿ ಅವರವೇನು? ಗುಬ್ಬಿಗೆ ದೀಕ್ಷಾಸ್ನಾನ ಆಗೈತೋ ಇಲ್ಲೋ ಕೇಳಿ ಅನ್ನ ಹಾಕ್ಲೇನೋ?"

"ನಗಸಬ್ಯಾಡ. ಅವರ ದೇವರ ಮುಂದ ನಮ್ಮ ಜಾಗ ಎಲ್ಲಿತ್ತು, ಮರತಿಯೇನು? ಸತ್ತ ಕ್ವಾಣ ಎಳಿಯೂದು, ಹಲಗಿ ಬಡಿಯೂದು, ಹೊರಗ ನಿಂದರೂದು. ಇವತ್ತ ಚರಗ ಅಂತಿ, ನಾಳೆ ನಮ್ಮ ಹುಡುಗ್ರು ಮತ್ತ ಹಲಗಿ ಹಿಡೀತಾರ."

ಆಯಿ ರೊಟ್ಟಿಯನ್ನು ಮಗುಚಿ ಹಾಕಿದಳು. "ಗುಡಿಯಾಗ ನಮಗ ಜಾಗ ಇರಲಿಲ್ಲ. ಹೊಲದಾಗ ಇತ್ತು," ಎಂದಳು.

ಅಷ್ಟಕ್ಕೇ ಆಯಿ ಬಿಡಲಿಲ್ಲ. ಮೂಲೆಯಲ್ಲಿ ಒರಗಿಸಿದ್ದ ನನ್ನ ಗಿಡದ ಕಡೆ ಕೈ ತೋರಿಸಿದಳು. "ಮೊಮ್ಮಗಳು ಜಾಲಿ ಕಡ್ದು ತಂದಾಳಲ್ಲ, ಅದು ಯಾವ ವಾಕ್ಯದಾಗ ಐತೋ ಉಪದೇಶಿ?"

ಮಿಷನ್ ದವಾಖಾನೆ ನಡೆಸುತ್ತಿದ್ದ ಒಬ್ಬ ಬಿಳಿ ದೊರೆಸಾನಿ ಆ ಸಲ ನಮಗೆ ಒಂದು ಡಬ್ಬಿ ಮೇಣದ ಬತ್ತಿಯನ್ನೂ ಒಂದು ಚಿತ್ರದ ಕಾರ್ಡನ್ನೂ ಕಳಿಸಿದ್ದಳು. ಕಾರ್ಡಿನಲ್ಲಿ ಬಿಳಿಯ ಹಿಮ ಹೊತ್ತ ಮರ, ಕೊಂಬೆಕೊಂಬೆಗೆ ದೀಪ. ಅಂಥದ್ದೊಂದನ್ನು ಮಾಡಬೇಕೆಂದು ನಾನು ಹೊರಟೆ. ಯಾವ ಗಿಡ ಎಂಬುದೇ ದೊಡ್ಡ ತಕರಾರಾಯಿತು. ಬೇವು ದ್ಯಾಮವ್ವನದು ಎಂದ ಅಪ್ಪ. ಬನ್ನಿ ದಸರೆಗೆ ಹೋಯಿತು. ಪತ್ರಿ ಈಶ್ವರನಿಗೆ, ಎಕ್ಕೆ ಹನುಮಪ್ಪನಿಗೆ, ಮಾವು ಎಲ್ಲ ದೇವರ ತೋರಣಕ್ಕೆ. ಕೊನೆಗೆ ಯಾವ ದೇವರೂ ಕೇಳದೆ ಉಳಿದದ್ದು ಜಾಲಿ. ಹಬ್ಬಕ್ಕೆ ಮೂರು ದಿನ ಮೊದಲೇ ಕಡಿದಿದ್ದರಿಂದ ಅಷ್ಟರಲ್ಲಿ ಅದು ಒಣಗಿ ಗರಿಗರಿಯಾಗಿತ್ತು. ಹಿಮಕ್ಕೇನು ಮಾಡುವುದು? ಹಿಮವನ್ನು ನಾನು ಕಂಡಿರಲಿಲ್ಲ, ಅದು ತಣ್ಣಗಿರುತ್ತದೆಂಬುದು ಪುಸ್ತಕದ ಮಾತಷ್ಟೇ. ನಮ್ಮೂರಲ್ಲಿ ಬೆಳ್ಳಗಿರುವುದು ಹತ್ತಿ. ಬೀಜ ತೆಗೆದ ಅರಳೆಯನ್ನು ಎಳೆಎಳೆಯಾಗಿ ಬಿಡಿಸಿ ಮುಳ್ಳುಮುಳ್ಳಿಗೂ ಹೊದಿಸಿದೆ. ಅದರ ನಡುವೆ ಬತ್ತಿ ನಿಲ್ಲಿಸಿದೆ. ಮಕ್ಕಳು ಕುಣಿದರು. ಯಾರಿಗೂ, ನನಗೂ, ಏನೂ ಹೊಳೆಯಲಿಲ್ಲ.

ಆಯಿಯ ಪ್ರಶ್ನೆಗೆ ಅಪ್ಪ ನನ್ನ ಕಡೆ ನೋಡಿದ. "ನೀ ಕಾಲೇಜು ಕಲತಾಕಿ, ಹೇಳು. ಇದು ಎಲ್ಲಿಂದ ಬಂತು?"

"ಯುರೋಪಿನ ಕ್ರೈಸ್ತರ ಮನೆಗಳಿಂದ," ಎಂದೆ. ಅದು ಅರ್ಧ ನಿಜ. ಕ್ರಿಸ್ತನ ಹೆಸರು ಕೇಳುವ ಮುಂಚೆಯೇ ಆ ಕಡೆಯ ಜನ ಚಳಿಗಾಲದಲ್ಲಿ ತಮ್ಮ ದೇವರುಗಳಿಗಾಗಿ ಹಸಿರು ಕೊಂಬೆಗಳನ್ನು ಮನೆಗೆ ತರುತ್ತಿದ್ದರಂತೆ, ಹಬ್ಬದ ತಾರೀಖು ಕೂಡ ಹಳೆಯ ಸೂರ್ಯನ ಹಬ್ಬದ ಹತ್ತಿರದ್ದೆಂದು ಕೆಲವರು ಹೇಳುತ್ತಾರೆ ಎಂದು ಒಬ್ಬ ಅಧ್ಯಾಪಕರು ತರಗತಿಯಲ್ಲಿ ವಿವರಿಸಿದ್ದರು. ಅದನ್ನು ಹೇಳಿದ್ದರೆ ಅಪ್ಪ ಗಿಡವನ್ನು ಹೊರಗೆ ಎಸೆಯುತ್ತಿದ್ದ. ನನಗೆ ನನ್ನ ಗಿಡ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡೆ. ಹೀಗೆ ನನ್ನ ಗಿಡ ಒಳಗೆ ಉಳಿಯಿತು, ಆಯಿ ಹೊರಗಾದಳು.

ಅಪ್ಪನ ಮನಸ್ಸಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. "ಮೇಜಿನ ಹತ್ರ ಬ್ಯಾಡ, ಬಾಗಿಲ ಹತ್ರ ಇಡು," ಎಂದ. ಇಟ್ಟೆ.

ಹಬ್ಬದ ಬೆಳಿಗ್ಗೆ ಆಯಿ ಬುತ್ತಿ ಕಟ್ಟಿಕೊಂಡು, ನೀರಿನ ಕೊಡ ಹೊತ್ತು, ಪ್ರಾರ್ಥನೆ ಮನೆಯ ಮುಂದೆಯೇ ಹಾದು ಹೊಲಕ್ಕೆ ಹೋದಳು. ಒಳಗೆ ನೋಡಲಿಲ್ಲ. ನಾವು ದೊಡ್ಡವರು ಹದಿನಾಲ್ಕು, ಮಕ್ಕಳು ಹನ್ನೊಂದು ಒಳಗೆ ಕೂತೆವು. ಗಿಡದ ಬತ್ತಿಗಳನ್ನು ನಾನೇ ಹಚ್ಚಿದೆ. ಊರು ಖಾಲಿಯಾಗಿತ್ತು. ನಾಯಿ ಬೊಗಳುವ ಸದ್ದೂ ಇರಲಿಲ್ಲ.

ಮುಂದಿನದನ್ನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೋ. ಪ್ರತಿ ಸಲವೂ ಬೇರೆ ಕಡೆ ತಪ್ಪು ಕಾಣುತ್ತದೆ. ಬತ್ತಿಯನ್ನು ಇನ್ನೊಂದು ಗೇಣು ದೂರ ಇಟ್ಟಿದ್ದರೆ. ಗಿಡ ಕಿಟಕಿಯ ಕಡೆ ಇದ್ದಿದ್ದರೆ. ನಾನು ಬಾಯಿ ಬಿಟ್ಟಿದ್ದರೆ. ಹತ್ತಿ ಉರಿಯಲು ಹೊತ್ತೇ ಬೇಕಾಗಲಿಲ್ಲ, ಒಂದು ಉಸಿರು ಒಳಗೆಳೆದು ಹೊರಗೆ ಬಿಡುವಷ್ಟು. ಜಾಲಿಯಿಂದ ಜ್ವಾಲೆ ಬಾಗಿಲ ಮೇಲಿನ ಹುಲ್ಲಿಗೆ ಹಾರಿತು. ಬಾಗಿಲಿದ್ದ ಜಾಗದಲ್ಲಿ ಬೆಂಕಿಯ ಪರದೆ ಇಳಿಬಿದ್ದಿತ್ತು. ಒಬ್ಬರು ಕಿಟಕಿಯ ಅಡ್ಡಪಟ್ಟಿ ಹಿಡಿದು ಜಗ್ಗಿದರು, ಅದು ಕದಲಲಿಲ್ಲ. ಅಪ್ಪ ಮೇಜನ್ನು ಹಿಂದಿನ ಗೋಡೆಗೆ ನೂಕಿ, ಮಕ್ಕಳನ್ನು ಅದರ ಕೆಳಗೆ ಸೇರಿಸಿ, ಉದುರುತ್ತಿದ್ದ ಉರಿಹುಲ್ಲನ್ನು ಬರಿಗೈಯಿಂದ ಬಾಚಿ ಬಾಚಿ ದೂರ ಎಸೆಯುತ್ತಿದ್ದ. ಹೊಗೆ ಎದೆಯ ಮಟ್ಟಕ್ಕೆ ಇಳಿದಿತ್ತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೂಗಿದ್ದರೂ ಕೇಳಲು ಊರಲ್ಲಿ ಯಾರಿದ್ದರು?

ಹೊರಗೆ ನಡೆದದ್ದು ಆಮೇಲೆ ಕೇಳಿ ತಿಳಿದದ್ದು. ಹೊಲದ ನಡುವೆ ಅನ್ನ ಚೆಲ್ಲುತ್ತಿದ್ದ ಆಯಿ ತಲೆ ಎತ್ತಿದಾಗ ಹೊಗೆ ಕಂಡಳು. ಬದುವಿನ ಮೇಲೆ ಹತ್ತಿ ಚರಗದ ಕೂಗನ್ನೇ ಹಾಕಿದಳು. ಒಂದು ಸಲ, ಎರಡು ಸಲ, ಉಸಿರು ಬಿಡದೆ. ಹೊಲದಿಂದ ಹೊಲಕ್ಕೆ ಮುಟ್ಟುವಂಥ ಕೂಗು ಅವಳಿಗೆ ಗೊತ್ತಿದ್ದದ್ದು ಅದೊಂದೇ. ಪಕ್ಕದ ಹೊಲದ ಗೌಡರ ಮನೆಯವರು ಊಟಕ್ಕೆ ಕೂತಿದ್ದರು.

"ಏಸುವಿನ ಮುದುಕಿ ಇವತ್ತ ಎಷ್ಟ ಸಲ ಚರಗ ಚೆಲ್ತಾಳಲೇ, ನಮ್ಮ ಭೂತಾಯಿಗೂ ಹೊಟ್ಟಿ ಉಬ್ಬತೈತಿ ಅಂತ ನಕ್ವಿ," ಎಂದು ಆ ಮನೆಯ ಗೌಡತಿ ಆಮೇಲೆ ನನಗೆ ಹೇಳಿದಳು. "ಐದನೇ ಸಲಕ್ಕ ದನಿ ಒಡೀತು. ಆವಾಗ ಎದ್ದು ನೋಡಿದ್ವಿ."

ಆ ದಿನ ಪ್ರತಿ ಹೊಲದಲ್ಲೂ ಜನವಿತ್ತು, ಪ್ರತಿ ಹೊಲದಲ್ಲೂ ನೀರಿನ ಕೊಡಗಳಿದ್ದವು. ಎಲ್ಲವೂ ಓಡಿ ಬಂದವು. ಹಿಂದಿನ ಗೋಡೆಗೆ ಗುದ್ದಲಿ ಬಿದ್ದ ಸದ್ದನ್ನು ನಾನು ಬೆನ್ನಿನಿಂದಲೇ ಕೇಳಿದೆ. ಹಸಿ ಇಟ್ಟಿಗೆ ಒಡೆದು ಬೆಳಕಿನ ಒಂದು ತೂತು ಬಿತ್ತು. ಅದು ದೊಡ್ಡದಾಯಿತು. ಅಪ್ಪ ಒಂದೊಂದೇ ಮಗುವನ್ನು ಹೊರಗೆ ದಾಟಿಸಿದ. ಆ ಕಡೆ ಕೈಚಾಚಿ ಎತ್ತಿಕೊಂಡವಳು ಆ ಗೌಡತಿಯೇ. ನಮ್ಮ ನೆರಳು ಬಿದ್ದರೆ ಸರಿದು ನಿಲ್ಲುತ್ತಿದ್ದ ಹೆಂಗಸು, ಹನ್ನೊಂದು ಮಕ್ಕಳನ್ನೂ ಒಬ್ಬೊಬ್ಬರಾಗಿ ಎದೆಗೆ ಒತ್ತಿಕೊಂಡು, ತನ್ನ ಕೊಡದ ನೀರಿನಿಂದ ಮುಖ ತೊಳೆದಳು. ಕೊನೆಯವನಾಗಿ ಅಪ್ಪ ಹೊರಬಿದ್ದ ಮೇಲೆ ಚಾವಣಿ ಕುಸಿಯಿತು. ಯಾರೂ ಸಾಯಲಿಲ್ಲ.

ಮೇಜು, ಗಡಿಯಾರ, ಮುರಿಯದೆ ಉಳಿದಿದ್ದ ರೊಟ್ಟಿ, ಎಲ್ಲ ಒಳಗೇ ಹೋದವು.

ಆಮೇಲಿನ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ನಿದ್ದೆ ಇರಲಿಲ್ಲ. ನಾನು ಹೊಗೆಯ ವಾಸನೆ ಬಂದಂತಾಗಿ ಎದ್ದು ಕೂರುತ್ತಿದ್ದೆ. ಅಪ್ಪ ಮತ್ತೆ ಮತ್ತೆ ಎದ್ದು ಒಲೆಯ ಬೂದಿಯನ್ನು ಕೆದಕಿ ನೋಡುತ್ತಿದ್ದ. ಎರಡೂ ಕೈಗೆ ಪಟ್ಟಿ ಕಟ್ಟಿದ್ದರಿಂದ ಮೊಣಕೈಗಳ ನಡುವೆ ಕಡ್ಡಿ ಹಿಡಿದು ಕೆದಕುತ್ತಿದ್ದ.

ಮೂರನೇ ದಿನ, ಗಿಡದ ವಿಷಯದಲ್ಲಿ ಮುಚ್ಚಿಟ್ಟಿದ್ದನ್ನು ಅಪ್ಪನಿಗೆ ಹೇಳಿದೆ. ಬೈಗುಳಕ್ಕೆ ಕಾದೆ. ಅಪ್ಪ ನನ್ನ ಕಡೆ ತಿರುಗಿ ಕೇಳಿದ.

"ಅಂದ್ರ ಗಿಡಾನೂ ಅಂಥಾ ಕಡಿಂದನ ಬಂದದ್ದು?"

"ಹೌದಪ್ಪ. ತಾರೀಖೂ ಹಂಗ ಅಂತಾರ."

"ತಾರೀಖೂ?" ಅಪ್ಪ ಸುಟ್ಟ ಹುಬ್ಬು ಎತ್ತಿದ. ನನ್ನ ಆಣೆ, ಆತ ನಕ್ಕ. "ಹಂಗಾರ ನಾ ಅವ್ವಗ ಏನಂತ ಬೈದ್ನೋ, ನನಗೂ ಅದನ್ನ ಅಂದ್ಕೋಬೇಕಾತು."

ಅಪ್ಪನ ಬಗ್ಗೆ ನನಗಿರುವ ಗೌರವ ಆ ನಗುವಿನಿಂದ ಹೆಚ್ಚಿತು, ಆದರೆ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಭಾನುವಾರ ಆತ ಆರಾಧನೆಯನ್ನೇ ನಡೆಸಲಿಲ್ಲ. ಹೊಲದ ಬದುವಿನ ಮೇಲೆ ಕೂತು ಯೋಚಿಸಿದ. ಆಯಿ ಜೀವ ಉಳಿಸಿದ್ದಾಳೆಂದು ಚರಗ ಸರಿಯಾಗಿಬಿಡುವುದಿಲ್ಲ, ಉಪಕಾರ ಬೇರೆ, ಸತ್ಯ ಬೇರೆ ಎಂದು ನನ್ನ ಜೊತೆಗೇ ವಾದಿಸಿದ. ಒಂದು ಪದ್ಧತಿ ಎಲ್ಲಿಂದ ಬಂತು ಎಂದು ಕೇಳುತ್ತ ಹೋದರೆ ಉಟ್ಟ ಬಟ್ಟೆಯೂ ಉಳಿಯುವುದಿಲ್ಲ. ಈಗ ಅದನ್ನು ಯಾರ ಹೆಸರಿನಲ್ಲಿ ಮಾಡುತ್ತೇವೆ, ಅದರಿಂದ ಯಾರ ಹೊಟ್ಟೆ ತುಂಬುತ್ತದೆ, ಯಾರು ಹೊರಗೆ ನಿಲ್ಲಬೇಕಾಗುತ್ತದೆ ಎಂದು ಕೇಳಬೇಕು ಎಂಬಲ್ಲಿಗೆ ಬಂದು ನಿಂತ. ಆ ಅಳತೆಯಲ್ಲಿ ಗುಡಿಯ ಮುಂದೆ ಹಲಗೆ ಬಡಿಯುವುದು ಹೊರಗೇ ಉಳಿಯಿತು. ಕೊನೆಯವರೆಗೂ ಅದಕ್ಕೆ ಆತ ಒಪ್ಪಲಿಲ್ಲ. ನಲವತ್ತರ ದಶಕದಲ್ಲಿ ಗಂಗಾವತಿ ಕಡೆಯ ಸಭೆಗಳಿಂದ ಬಂದ ಉಪದೇಶಿಗಳು ಚರಗಕ್ಕೆ ಒಪ್ಪಿದ್ದನ್ನೇ ಹಿಡಿದು ಅವನನ್ನು ಕೆಣಕುತ್ತಿದ್ದರು. "ನೀವೂ ಹತ್ತಿ ಹಚ್ಚಿ ನೋಡ್ರಿ, ಆಮ್ಯಾಲ ಮಾತಾಡೂಣು," ಎನ್ನುತ್ತಿದ್ದ. ನಾನು ಕಾಲೇಜಿನಲ್ಲಿ ಬಹಳ ಜನ ಪಂಡಿತರನ್ನು ಕಂಡೆ. ತಾವು ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ತಿದ್ದಿಕೊಂಡವರು ಕಡಿಮೆ.

ಅದು ನಡೆದದ್ದು ಎರಡನೆಯ ಭಾನುವಾರ, ಸುಟ್ಟ ಗೋಡೆಗಳ ನಡುವೆ, ಆಕಾಶದ ಕೆಳಗೆ. ಹೊಸ ರೊಟ್ಟಿ ಒಂದು ಮಣೆಯ ಮೇಲಿತ್ತು. ಅಪ್ಪನ ಕೈಗೆ ಪಟ್ಟಿ ಇನ್ನೂ ಇತ್ತು, ಬೆರಳು ಮಡಚುತ್ತಿರಲಿಲ್ಲ. ಆಯಿ ಗೋಡೆಯ ಆ ತೂತಿನ ಹೊರಗೆ, ಹೊಲದ ಕಡೆ ನಿಂತಿದ್ದಳು. ಆಕೆಗೆ ಹಾಕಿದ ತಡೆಯನ್ನು ಯಾರೂ ತೆಗೆದಿರಲಿಲ್ಲ.

"ನಾ ತಪ್ಪು ಹೇಳಿದ್ದೆ," ಎಂದ ಅಪ್ಪ ಸಭೆಗೆ. "ಅವ್ವಾ, ಒಳಗ ಬಾ."

"ಚರಗ ಬಿಡಾಂಗಿಲ್ಲ ನೋಡಪಾ ಮತ್ತ," ಎಂದಳು ಆಯಿ ಅಲ್ಲಿಂದಲೇ.

"ಬಿಡು ಅಂದ್ನೇನು? ನನ್ನ ಕೈಲಿ ಆಗೂದಿಲ್ಲ. ಬಂದು ರೊಟ್ಟಿ ಮುರಿ."

ಹೆಂಗಸು ರೊಟ್ಟಿ ಮುರಿಯುವುದೇ ಎಂದು ಹಿಂದೆ ಯಾರೋ ಗೊಣಗಿದರು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಆಯಿ ಸೆರಗು ಹೊದ್ದು, ಕಲ್ಲು ಮಣ್ಣು ದಾಟಿ ಬಂದು, ರೊಟ್ಟಿಯನ್ನು ಎತ್ತಿ ಮುರಿದಳು. ಮೊದಲ ತುಣುಕನ್ನು ಮಗನ ಬಾಯಿಗೆ ಇಟ್ಟಳು. ಅಪ್ಪ ಅಳುತ್ತಲೇ ಅಗಿದ. ಆಮೇಲೆ ತಾನು ತೆಗೆದುಕೊಂಡಳು, ಆಮೇಲೆ ನನಗೆ.

ಆ ಸಂಜೆ ಬೇಗ ಹಾಸಿಗೆ ಹಾಸಿದೆವು. ನಾನು ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಆಯಿ ಒಲೆ ಹಚ್ಚಿದ್ದಳು. ಆ ಹೊಗೆಯ ವಾಸನೆ ಕೂಡ ನನ್ನನ್ನು ಎಬ್ಬಿಸಿರಲಿಲ್ಲ. ಆ ಕಡೆಯ ಕಂಬಳಿಯಲ್ಲಿ ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹನ್ನೊಂದು ರಾತ್ರಿಗಳ ನಂತರ ಮೊದಲ ಸಲ ಆತ ಒಮ್ಮೆಯೂ ಎದ್ದಿರಲಿಲ್ಲ.

"ಕುಂಭಕರ್ಣನ ಮನಿತಾನ," ಎಂದಳು ಆಯಿ, ಮೆಲ್ಲಗೆ, ಆತನಿಗೆ ಎಚ್ಚರವಾಗದ ಹಾಗೆ.