ಪಕ್ಕದ ಸೀಟಿನಲ್ಲಿ ಕೂತು ಗಾಡಿ ಆರಿಸಿದ ಡೋರಿ

ನಮ್ಮ ವಾರನ್ ಊರಿನಲ್ಲಿ ಗಾಡಿ ಕೊಳ್ಳುವುದು ಮದುವೆಗಿಂತ ದೊಡ್ಡ ಗಲಾಟೆ. ಮದುವೆಯಲ್ಲಾದರೆ ಹುಡುಗ ಹುಡುಗಿಯನ್ನು ಒಂದು ಮಾತು ಕೇಳುತ್ತಾರೆ. ಗಾಡಿಯ ವಿಷಯಕ್ಕೆ ಬಂದರೆ ಓಡಿಸುವವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಬಾಯಿ ಹಾಕುತ್ತಾರೆ. ನಾನೂ ಹಾಕುತ್ತೇನೆ. ಕಾರು ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಮೂವತ್ತು ವರ್ಷ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿದವನು, ನನಗೆ ಆ ಹಕ್ಕಿದೆ. ಆದರೆ ಎದುರುಮನೆ ಡೋರಿ ಮಾಜೂರ್ ವಿಷಯದಲ್ಲಿ ಬಾಯಿ ಹಾಕಿ ಆಮೇಲೆ ತೆಪ್ಪಗಾದೆ. ಅದನ್ನೇ ಈಗ ಹೇಳಹೊರಟಿದ್ದೇನೆ.

ಡೋರಿಗೆ ಅರವತ್ತೊಂಬತ್ತು. ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅವಳದು ಗಡಗಡ ಕೇಳುವ ಕೆಲಸ. ಸಾಲಿನ ಕೊನೆಯಲ್ಲಿ ಹೊಸ ಗಾಡಿ ಹೊರಬಿದ್ದ ಕೂಡಲೇ ಅದನ್ನು ಹತ್ತಿ, ಹಿಂದುಗಡೆ ಉಬ್ಬುತಗ್ಗಿನ ದಾರಿಯಲ್ಲಿ ನಾಲ್ಕು ನಿಮಿಷ ಓಡಿಸಬೇಕು. ಎಲ್ಲಿ ಕಿರ್ ಅಂದಿತು, ಎಲ್ಲಿ ಟಕ್ ಅಂದಿತು ಎಂದು ಚೀಟಿ ಬರೆದು ಇಳಿಯಬೇಕು. ನೆಲ ಬಿಟ್ಟು ಹಾರುವಂಥ ಗಾಡಿಗಳನ್ನೂ ಹಾಗೇ ನಾಲ್ಕು ನಿಮಿಷ ಓಡಿಸಿ ಇಳಿದವಳು ಅವಳು. ಮನೆಗೆ ಹೋಗುತ್ತಿದ್ದದ್ದು ಗಂಡ ಎಡ್ ಆರಿಸಿ ತಂದ ಗಾಡಿಯಲ್ಲಿ. ಎಡ್ ಒಳ್ಳೆಯವನು, ಪಾಪ, ಆದರೆ ಗಾಡಿ ಆರಿಸುವುದರಲ್ಲಿ ಒಣಬ್ರೆಡ್ಡಿನಂಥ ಮನುಷ್ಯ. ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ ಡೋರಿ ಅವನ ದೋಣಿ ಮಾರಿ, ಜೋರಾಗಿ ಓಡುವ ಎಸ್‌ಯುವಿ ಕೊಳ್ಳುತ್ತೇನೆಂದು ಹೊರಟಳು.

ಗಾಡಿಯ ಅಗತ್ಯವೂ ಇತ್ತು. ಅವಳ ಅಕ್ಕ ಐರೀನ್ ಅವಳ ಜೊತೆಗೇ ಇದ್ದಾಳೆ. ಎಪ್ಪತ್ತೈದು ವರ್ಷ, ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹನ್ನೆರಡು ಮೈಲಿ ದೂರದ ಡಯಾಲಿಸಿಸ್ ಕೇಂದ್ರಕ್ಕೆ ಹೋಗಲೇಬೇಕು. ಅದರ ಮೇಲೆ ಬೆನ್ನುಮೂಳೆ ಎರಡು ಕಡೆ ಬಿರುಕು ಬಿಟ್ಟಿದೆ. ಎಡ್‌ನ ಹಳೇ ಕಾರಿನ ಸೀಟಿನಲ್ಲಿ ಕುಳಿತರೆ ಏಳಲಾಗುವುದಿಲ್ಲ. ಪಕ್ಕದ ಬೀದಿಯವರ ದೊಡ್ಡ ಮೆತ್ತನೆ ವ್ಯಾನು ತೂಗಾಡಿ ತೂಗಾಡಿ ವಾಂತಿ ಬರಿಸುತ್ತದೆ. ನಮ್ಮ ರಸ್ತೆಗಳ ಬಗ್ಗೆ ಹೇಳುವುದೇ ಬೇಡ. ಮಾರ್ಚ್‌ನಲ್ಲಿ ಹಿಮ ಕರಗಿದರೆ ಗುಂಡಿಗಳ ಮಧ್ಯೆ ರಸ್ತೆ ಹುಡುಕಬೇಕು. ಐರೀನ್ ನೋವಿಗೆ ಹೆದರಿ, "ಸಾಕಾಗಿದೆ ಕಣೇ, ಬಿಟ್ಟುಬಿಡೋಣ ಇದನ್ನ" ಎನ್ನಲು ಶುರುಮಾಡಿದ್ದಳು. ಬಿಟ್ಟರೆ ಹತ್ತು ಹದಿನೈದು ದಿನದ ಮಾತು ಎಂದು ಡಾಕ್ಟರು ಡೋರಿಗೆ ಹೇಳಿದ್ದರು.

ಭಾನುವಾರ ಚರ್ಚ್ ಮುಗಿಸಿ ಡೋರಿಯ ಅಡುಗೆಮನೆಯ ಮೇಜಿನ ಸುತ್ತ ಪಂಚಾಯಿತಿ ಸೇರಿತು. ಎಡ್‌ನ ತಮ್ಮ ಚೆಟ್ ಬಂದಿದ್ದ. ಬ್ರೇಕ್ ವಿಭಾಗದಲ್ಲಿ ಮೇಸ್ತ್ರಿಯಾಗಿದ್ದವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ತಟ್ಟೆ ತುಂಬ ಪಿಯರೋಗಿ ಕಡುಬು ಬಡಿಸಿಕೊಂಡು, ಮೇಲೆ ಈರುಳ್ಳಿ ಸುರಿದುಕೊಂಡು ತೀರ್ಪು ಕೊಟ್ಟ.

"ಅತ್ತಿಗೆ, ಯೋಚನೆ ಮಾಡೋಕೆ ಏನೂ ಇಲ್ಲ. ನಮ್ಮ ಕಂಪನೀದೇ ದೊಡ್ಡ ಗಾಡಿ ತಗೊಳ್ಳಿ. ಏಳ್ನೂರು ಕುದುರೆ ಶಕ್ತಿ. ನಿಂತ ಜಾಗದಿಂದ ಅರವತ್ತು ಮೈಲಿ ವೇಗಕ್ಕೆ ಮೂರು ಸೆಕೆಂಡು ಚಿಲ್ಲರೆ."

"ನಾನು ಇನ್ನೊಂದು ಕಂಪನೀದೂ ನೋಡಬೇಕು ಅಂತಿದೀನಿ," ಎಂದಳು ಡೋರಿ.

ಚೆಟ್ ಚಮಚ ಕೆಳಗಿಟ್ಟ. ನಾನೂ ಇಟ್ಟೆ. ನಮ್ಮ ಬೀದಿಯಲ್ಲಿ ಆ ಕಂಪನಿಯ ಗಾಡಿ ಒಂದೂ ಇಲ್ಲ. ನಮ್ಮ ಕಾರ್ಖಾನೆಯ ಅಂಗಳಕ್ಕೆ ಅಂಥ ಗಾಡಿ ತಂದವರು ಬೇಲಿಯಾಚೆ ನಿಲ್ಲಿಸಿ ಅರ್ಧ ಮೈಲಿ ನಡೆದು ಬರಬೇಕಿತ್ತು. ಮಳೆಯಿರಲಿ, ಹಿಮವಿರಲಿ, ಯಾರೂ ಕನಿಕರ ತೋರಿಸುತ್ತಿರಲಿಲ್ಲ.

"ನಲವತ್ತು ವರ್ಷ ನಮ್ಮಣ್ಣ ಉಂಡ ಮನೆ ನಮ್ಮ ಕಂಪನಿ," ಎಂದ ಚೆಟ್. "ಆ ಗಾಡಿ ಈ ಅಂಗಳಕ್ಕೆ ಬಂದ್ರೆ ನಾನು ಇಲ್ಲಿ ಕಾಲಿಡಲ್ಲ, ಹೇಳಿದೀನಿ."

"ಕಾಲಿಡಬೇಡ. ಕಡುಬಾದ್ರೂ ಉಳಿಯತ್ತೆ."

ನಾನು ಅವನ ಪರ ನಿಂತು ಎರಡು ಮಾತು ಸೇರಿಸಿದೆ. ಡೋರಿ ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋದಳು.

ಮರುದಿನ ಸೋಮವಾರ. ಚೆಟ್ ತನ್ನ ಗೆಳೆಯನ ಶೋರೂಮಿನಿಂದ ಆ ಏಳ್ನೂರು ಕುದುರೆಯ ಗಾಡಿ ತಂದು, ಐರೀನಳನ್ನು ತಾನೇ ಕರೆದೊಯ್ಯುತ್ತೇನೆಂದ. ಸುಂದರವಾದ ಗಾಡಿ, ಸುಳ್ಳು ಹೇಳಲಾರೆ. ಆಳೆತ್ತರದ ಮೂತಿ, ದೊಡ್ಡ ದೊಡ್ಡ ಚಕ್ರ, ಅವಕ್ಕೆ ರೊಟ್ಟಿಯಷ್ಟು ತೆಳ್ಳನೆ ಟೈರು. ಶುರುಮಾಡಿದರೆ ನನ್ನ ಕಿಟಕಿಯ ಗಾಜು ನಡುಗಿತು. ನನ್ನ ಕಣ್ಣು ತುಂಬಿ ಬಂತು. ಚೆಟ್ ಅದರ ಸ್ಪ್ರಿಂಗುಗಳನ್ನು ರೇಸಿನ ಮಟ್ಟಕ್ಕೆ ಬಿಗಿ ಮಾಡಿಟ್ಟಿದ್ದ, ಅದೇ ಗಾಡಿಯ ನಿಜವಾದ ಗುಣವಂತೆ. ಹೆದ್ದಾರಿಗೆ ಏರುವಲ್ಲಿ ಅದು ಗುಂಡಿನಂತೆ ಹಾರಿತು ಎಂದು ಆಮೇಲೆ ಊರಿಗೆಲ್ಲ ಹೇಳಿಕೊಂಡು ಬಂದ. ರೈಲು ಹಳಿ ದಾಟುವಾಗ ಐರೀನ್ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದಳು ಎನ್ನುವುದನ್ನು ಹೇಳಲಿಲ್ಲ. ಅವನು ನೋಡಿರಲೇ ಇಲ್ಲ.

ಆ ಸಂಜೆ ಐರೀನ್ ಅಡುಗೆಮನೆಯಲ್ಲಿ ಕೂತು ತಂಗಿಗೆ ತಣ್ಣಗೆ ಹೇಳಿದಳು. "ಡೋರಿ, ನಾನಿನ್ನು ಹೋಗಲ್ಲ. ಕೊನೇ ಪ್ರಾರ್ಥನೆಗೆ ಬನ್ನಿ ಅಂತ ಪಾದ್ರಿಗಳಿಗೆ ಫೋನ್ ಮಾಡಿ ಹೇಳ್ಬಿಡು. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ."

ಡೋರಿ ನನ್ನ ಮನೆಗೆ ಬಂದು ಇದನ್ನು ಹೇಳುವಾಗ ಅವಳ ಗಲ್ಲ ಅದುರುತ್ತಿತ್ತು. ಎಡ್ ಸತ್ತಾಗಲೂ ನಾನು ಅವಳನ್ನು ಹಾಗೆ ನೋಡಿರಲಿಲ್ಲ. "ಲೆನ್, ನಾಳೆ ನಂಜೊತೆ ಬಾ. ಗಾಡಿ ಓಡಿಸೋಕೆ," ಎಂದಳು.

"ನಾನ್ಯಾಕೆ? ನಿನಗಿಂತ ಚೆನ್ನಾಗಿ ಓಡಿಸೋರು ಈ ಜಿಲ್ಲೇಲೇ ಇಲ್ಲ."

"ಬಾ ಅಂದ್ರೆ ಬಾ."

ಹೋದೆ. ಆ ಇನ್ನೊಂದು ಕಂಪನಿಯ ಶೋರೂಮಿನ ಬಾಗಿಲು ತಳ್ಳುವಾಗ ಯಾರಾದರೂ ಕಂಡರೆ ಏನು ಗತಿ ಎಂದು ನನ್ನ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡಿದ್ದೆ. ಮಾರುವ ಹೆಂಗಸು ಕೀಲಿ ಕೊಟ್ಟಳು. ಡೋರಿ ಕೀಲಿಯನ್ನು ನನ್ನ ಕೈಗೆ ಹಾಕಿ, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಬೆಲ್ಟ್ ಬಿಗಿದುಕೊಂಡು, ಕೈ ಎರಡನ್ನೂ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿಕೊಂಡಳು.

"ಓಡಿಸೋನಿಗೆ ಏನೂ ಗೊತ್ತಾಗಲ್ಲ ಲೆನ್. ಅವನ ಕೈಯಲ್ಲಿ ಸ್ಟೀರಿಂಗ್ ಇರತ್ತೆ, ಗುಂಡಿ ಬರೋದು ಮೊದಲೇ ಕಾಣತ್ತೆ, ಮೈ ಬಿಗಿ ಹಿಡೀತಾನೆ. ಪಕ್ಕ ಕೂತೋಳಿಗೆ ಅದ್ಯಾವುದೂ ಇಲ್ಲ. ಇಪ್ಪತ್ತೆಂಟು ವರ್ಷ ನಾನೂ ಓಡಿಸೋ ಸೀಟಲ್ಲೇ ಕೂತು ಚೀಟಿ ಬರೆದೆ. ದಡ್ಡಿ ನಾನು."

ಇದು ನಮ್ಮ ಇಡೀ ಊರಿನ ದಡ್ಡತನ, ಅವಳೊಬ್ಬಳದಲ್ಲ. ಗಾಡಿ ಮಾಡಿದವರು ನಾವು, ಗಾಡಿಯ ಹಲ್ಲು ಎಣಿಸುವವರು ನಾವು, ಆದರೆ ಕೊಳ್ಳುವ ಮುಂಚೆ ಪಕ್ಕದ ಸೀಟಿನಲ್ಲಿ ಕೂತು ನೋಡಿದ ಒಬ್ಬ ಗಂಡಸನ್ನು ನಾನು ಕಂಡಿಲ್ಲ.

ಡಯಾಲಿಸಿಸ್ ಕೇಂದ್ರದ ದಾರಿಯಲ್ಲೇ ಹನ್ನೆರಡು ಮೈಲಿ ಓಡಿಸಿದೆ. ಡೋರಿ ವಾಪಸ್ ಬಂದವಳೇ ದೊಡ್ಡ ಚಕ್ರ ತೆಗೆದು ಎರಡು ಅಳತೆ ಚಿಕ್ಕದು, ದಪ್ಪ ಟೈರಿನದು ಹಾಕಿಸು ಎಂದಳು. ಮಾರುವ ಹೆಂಗಸು, "ಅಮ್ಮ, ಇಂಥ ಗಾಡಿಗೆ ಅದು ಚೆಂದ ಕಾಣಲ್ಲ" ಎಂದಳು. "ನಾನು ಒಳಗೆ ಕೂತಿರ್ತೀನಲ್ಲ, ನಂಗೆ ಕಾಣಲ್ಲ," ಎಂದಳು ಡೋರಿ. ಚಕ್ರ ಬದಲಾಯಿಸಿದರು. ಮತ್ತೆ ಹನ್ನೆರಡು ಮೈಲಿ. ರೈಲು ಹಳಿ ದಾಟಿದ್ದು ನನಗೇ ತಿಳಿಯಲಿಲ್ಲ. ಸ್ಪ್ರಿಂಗಿನ ಬದಲು ಅದಕ್ಕೆ ಗಾಳಿಚೀಲಗಳಿವೆ. ಎಂಜಿನ್ನಿನ ಶಕ್ತಿ ಚೆಟ್‌ನ ಗಾಡಿಗಿಂತ ನೂರು ಕುದುರೆ ಕಡಿಮೆ. ಆದರೂ ಕಾಲು ಸ್ವಲ್ಪ ಒತ್ತಿದರೆ ಒದೆಯದೆ, ಎಳೆಯದೆ ಮುಂದೆ ಹೋಗುತ್ತಿತ್ತು.

"ಅಕ್ಕನಿಗೋಸ್ಕರ ಅಂದ್ರೆ ಬೇರೆ ಸಾಧು ಗಾಡಿನೂ ಸಿಗತ್ತಲ್ಲ?" ಎಂದು ಕೆಣಕಿದೆ.

"ಸಿಗತ್ತೆ. ನಂಗೂ ಆಸೆ ಇದೆ ಕಣೋ. ಅರವತ್ತೊಂಬತ್ತು ಆಯ್ತು, ಯಾವಾಗ ತೀರಿಸ್ಕೊಳ್ಲಿ?"

ಎರಡು ದಿನ ಇಟ್ಟುಕೊಂಡು ನೋಡಿ ಎಂದು ಶೋರೂಮಿನವರು ಗಾಡಿ ಕಳಿಸಿಕೊಟ್ಟರು. ಅದು ನಮ್ಮ ಬೀದಿಗೆ ತಿರುಗಿದಾಗ ಪರದೆಗಳು ಸರಿದವು. ಚೆಟ್ ಬಂದು ರಸ್ತೆಯಂಚಿನಲ್ಲೇ ನಿಂತು, ಅಣ್ಣನ ಆತ್ಮಕ್ಕೆ ಶಾಂತಿಯಿಲ್ಲ ಎಂದು ಕೂಗಾಡಿದ. ಡೋರಿ ಮೆಟ್ಟಿಲ ಮೇಲೆ ನಿಂತು ಪೂರ್ತಿ ಕೇಳಿಸಿಕೊಂಡು, "ಮುಗೀತಾ? ನಾಳೆ ಎಂಟಕ್ಕೆ ಐರೀನ್ ಹೊರಡ್ತಾಳೆ. ಅವಳು ಬೇಡ ಅಂದ್ರೆ ನಿನ್ನ ಗಾಡೀನೇ ತಗೋತೀನಿ" ಎಂದಳು. ಒಳಗೆ ಐರೀನ್ ಹೊರಡುವುದೇ ಇಲ್ಲ ಎಂದು ಮಲಗಿರುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಐರೀನ್ ಮಂಚ ಬಿಟ್ಟೇಳಲಿಲ್ಲ. ಡೋರಿ ಮಂಚದ ಅಂಚಿನಲ್ಲಿ ಕೂತು, "ಅಕ್ಕ, ಒಂದೇ ಒಂದು ಸಲ. ನೋವಾದ್ರೆ ಅಲ್ಲೇ ತಿರುಗಿಸ್ತೀನಿ. ಆಮೇಲೆ ನೀನು ಹೇಳ್ದಂಗೆ ಪಾದ್ರಿಗಳಿಗೆ ನಾನೇ ಫೋನ್ ಮಾಡ್ತೀನಿ" ಎಂದಳು. ಐರೀನ್ ಕೈ ಊರಿ ಎದ್ದು ಕೂತಳು. ಆಮೇಲೆ ಸ್ವೆಟರ್ ಕೊಡು ಎಂದಳು.

ಹಿಂದಿನ ಸೀಟಿನಲ್ಲಿ ನಾನು ಕೂತಿದ್ದೆ, ಐರೀನಳ ವಾಕರ್ ನನ್ನ ತೊಡೆಯ ಮೇಲೆ. ಬಾಗಿಲು ತೆರೆದ ಕೂಡಲೇ ಗಾಳಿಚೀಲ ಇಳಿದು ಗಾಡಿ ತಗ್ಗಾಯಿತು. ಐರೀನ್ ಕುರ್ಚಿಗೆ ಕೂರುವಂತೆ ಸುಮ್ಮನೆ ಕೂತಳು. ಆದರೂ ಮೊದಲ ಎರಡು ಮೈಲಿ ಬಾಗಿಲ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದಳು. ಡೋರಿ ರೇಡಿಯೋ ಹಾಕಲಿಲ್ಲ. ಒಂದೊಂದು ಗುಂಡಿ ಬಂದಾಗಲೂ ನಾನು ವಾಕರನ್ನು ತೊಡೆಗೆ ಒತ್ತಿ ಹಿಡಿಯುತ್ತಿದ್ದೆ. ಅರ್ಧ ದಾರಿ ಮುಗಿಯುವಾಗ ಐರೀನಳ ಕೈ ಹಿಡಿಯಿಂದ ಜಾರಿ ಮಡಿಲಿಗೆ ಬಿತ್ತು. ಬಗ್ಗಿ ನೋಡಿದೆ. ನಿದ್ದೆ. ಬಾಯಿ ಸ್ವಲ್ಪ ತೆರೆದುಕೊಂಡು, ಸಣ್ಣಗೆ ಗೊರಕೆ.

ಡೋರಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಕಣ್ಣೀರು ಗಲ್ಲದವರೆಗೆ ಇಳಿದಿತ್ತು, ಒರೆಸಿಕೊಳ್ಳಲು ಸ್ಟೀರಿಂಗ್ ಬಿಡಲಿಲ್ಲ.

ರೈಲು ಹಳಿ ದಾಟಿತು, ಐರೀನ್ ಏಳಲಿಲ್ಲ. ಕೇಂದ್ರದ ಬಾಗಿಲಲ್ಲಿ ನಾವೇ ಎಬ್ಬಿಸಬೇಕಾಯಿತು. "ಬಂತಾ ಆಗ್ಲೇ?" ಎಂದು ಕೇಳಿದಳು.

ವಾಪಸ್ ಬರುವಾಗ ಅವಳೇ ಬಾಯಿ ತೆರೆದಳು. "ಡೋರಿ, ಚೆಟ್ ಹೆದ್ದಾರಿ ಹತ್ತೋ ಜಾಗದಲ್ಲಿ ಏನೋ ದೊಡ್ಡ ಸಾಹಸ ಮಾಡ್ದ. ನಿನ್ನ ಗಾಡಿಗೆ ಬರಲ್ವಾ ಅದು?"

"ಬೆನ್ನು ಅಕ್ಕ."

"ಬೆನ್ನು ನಂದು. ಒತ್ತು ನೋಡೋಣ."

ಡೋರಿ ಒತ್ತಿದಳು. ಜೀವಮಾನದಲ್ಲಿ ಮೊದಲ ಸಲ, ನಾಲ್ಕು ನಿಮಿಷಕ್ಕೆ ಇಳಿಯಬೇಕಿಲ್ಲದ ಗಾಡಿಯಲ್ಲಿ, ಕಾಲನ್ನು ನೆಲದ ತನಕ ಒತ್ತಿದಳು. ನನ್ನ ಟೋಪಿ ಹಿಂದಕ್ಕೆ ಬಿತ್ತು. ಮುಂದಿದ್ದ ಲಾರಿ ಪಕ್ಕಕ್ಕೆ ಬಂದು ಹಿಂದೆ ಸರಿಯಿತು. ಐರೀನ್ ಸೀಟಿಗೆ ತಲೆ ಒತ್ತಿಕೊಂಡು ನಗುತ್ತಿದ್ದಳು, ಹುಡುಗಿಯ ಹಾಗೆ, ಉಸಿರು ಸಿಗದಂತೆ. ನಾನು ಕಂಪನಿ ಗಿಂಪನಿ ಎಲ್ಲ ಮರೆತು ಹೋ ಎಂದು ಕೂಗಿಬಿಟ್ಟೆ. ಇವತ್ತಿಗೂ ನನಗೆ ಅದರ ಬಗ್ಗೆ ನಾಚಿಕೆಯಿಲ್ಲ.

ಸಂಜೆಯೇ ಕಾಗದಕ್ಕೆ ಸಹಿ ಬಿತ್ತು. ಶುಕ್ರವಾರ ನಾನು ರಸ್ತೆ ದಾಟಿ ಹೋಗುವಷ್ಟರಲ್ಲಿ ಐರೀನ್ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ತಂಗಿ ತಡಮಾಡಿದಳೆಂದು ಬೈಯುತ್ತಿದ್ದಳು. ಕೇಂದ್ರದಲ್ಲಿ ನರ್ಸ್ ಅವಳ ಕೈಗೆ ಪಟ್ಟಿ ಕಟ್ಟುತ್ತ, "ಇನ್ನು ಬರಲ್ಲ ಅಂದಿದ್ರಂತೆ?" ಎಂದು ಮೆಲ್ಲಗೆ ಕೇಳಿದಳು.

"ಪೆಟೊಸ್ಕಿ ಊರಲ್ಲಿ ನಿಮ್ಮಂಥದೇ ಕೇಂದ್ರ ಇದೆಯಲ್ಲ, ಜೂನ್‌ನಲ್ಲಿ ನಂಗೆ ಅಲ್ಲೊಂದು ವಾರ ಜಾಗ ಗೊತ್ತುಮಾಡಿ. ಅಲ್ಲಿ ಮಗಳಿದ್ದಾಳೆ. ಅವಳನ್ನ ನೋಡಿ ಮೂರು ವರ್ಷ ಆಯ್ತು," ಎಂದಳು ಐರೀನ್.

ನರ್ಸ್ ಕೈ ನಿಲ್ಲಿಸಿ ಡೋರಿಯತ್ತ ನೋಡಿದಳು. "ಅಮ್ಮ, ಪೆಟೊಸ್ಕಿ ನಾಲ್ಕು ಗಂಟೆ ದಾರಿ."

"ಬೇರೆಯವರಿಗೆ ನಾಲ್ಕು," ಎಂದಳು ಐರೀನ್. "ನನ್ನ ತಂಗಿ ಓಡಿಸಿದ್ರೆ ಮೂರೂವರೆ."