ಅಜ್ಜನ ಮಂಡಕ್ಕಿಯೊಳಗಿನ ಸಿಹಿ

ಟಿಂಕ್ಚರಿನ ಘಾಟು ಎಲ್ಲಿ ಮೂಗಿಗೆ ಬಡಿದರೂ ನನಗೆ ಆಸ್ಪತ್ರೆ ನೆನಪಾಗುವುದಿಲ್ಲ, ಬಿಸಿ ಮಂಡಕ್ಕಿ ನೆನಪಾಗುತ್ತದೆ. ದಾವಣಗೆರೆಯ ನಮ್ಮ ಮನೆಯ ಪಡಸಾಲೆ, ಸಂಜೆ. ಮಂಚದ ಮೇಲೆ ಕಾಲು ಚಾಚಿ ಕೂತ ಅಜ್ಜ, ಅವನ ತೊಡೆಗೊರಗಿ ಅವನ ಬೋಗುಣಿಯಿಂದಲೇ ಮಂಡಕ್ಕಿ ಮುಕ್ಕುತ್ತಿದ್ದ ನಾನು, ಅಕ್ಕಿ ಆರಿಸುತ್ತ ಗೊಣಗುತ್ತಿದ್ದ ಅಜ್ಜಿ, ಹತ್ತಿ, ಸೀಸೆ ಹಿಡಿದು ನೆಲದ ಮೇಲೆ ಕೂತ ಶಾರದತ್ತೆ. ಅತ್ತೆ ಅಜ್ಜನ ಕಿರಿಮಗಳು, ಆಗಿನ್ನೂ ಬಿ.ಎಸ್ಸಿ. ಓದುತ್ತಿದ್ದಳು. ಹಿತ್ತಲಿನಾಚೆಗೇ ನಮ್ಮ ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ ನಮ್ಮ ಹಾಸಿಗೆ, ಪುಸ್ತಕ, ತಲೆಗೂದಲಿಗೆಲ್ಲ ಹತ್ತಿಕೊಂಡಿರುತ್ತಿತ್ತು.

ಅಜ್ಜನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿನ ಗಾಯ ಮಾಯುತ್ತಲೇ ಇರಲಿಲ್ಲ; ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತೆಂದು ಡಾಕ್ಟರು ಹೇಳಿದ್ದರು. ಅಜ್ಜ ಚಹಾಕ್ಕೆ ಸಕ್ಕರೆ ಬಿಟ್ಟಿದ್ದ, ಹೋಳಿಗೆ ಬಿಟ್ಟಿದ್ದ, ಬಿಟ್ಟದ್ದನ್ನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಮಂಡಕ್ಕಿ ಮಾತ್ರ ಬೋಗುಣಿಗಟ್ಟಲೆ. ‘ಅದರಾಗೇನೈತೆ? ಗಾಳಿ, ಮೇಲೊಂಚೂರು ಉಪ್ಪು’ ಎನ್ನುವುದು ಅವನ ವಾದ. ಸಾಲದ್ದಕ್ಕೆ ಭಟ್ಟಿಯಿಂದ ಇಳಿಯುವ ಪ್ರತಿ ಒಬ್ಬೆಯಿಂದಲೂ, ಅಂದರೆ ಒಂದು ಸಲಕ್ಕೆ ಹುರಿದಷ್ಟರಿಂದಲೂ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅವನು ಸೈ ಎಂದ ಮೇಲೆಯೇ ಚೀಲ ಕಟ್ಟಬೇಕು. ಅವನಪ್ಪನ ಕಾಲದಿಂದ ಬಂದ ಪದ್ಧತಿ.

ಆ ಸಂಜೆ ಗಾಯ ಒರೆಸುತ್ತಿದ್ದ ಅತ್ತೆಯ ಕೈ ಜಾರಿ ಟಿಂಕ್ಚರ್ ಅಯೋಡಿನ್ ಬೋಗುಣಿಯೊಳಗೆ ಚೆಲ್ಲಿತು. ಕಂದು ಹನಿ ತಾಗಿದ ಮಂಡಕ್ಕಿ ನೋಡನೋಡುತ್ತ ಕಪ್ಪುನೀಲಿಯಾಯಿತು. ಅಜ್ಜ ಬೆಚ್ಚಿ ನನ್ನ ಕೈ ಹಿಡಿದ.

‘ಏಯ್, ತಿನ್ನಬ್ಯಾಡ! ಅಕ್ಕಿಗೆ ಯಾರೋ ಏನೋ ಬೆರೆಸ್ಯಾರೆ!’

ಅತ್ತೆ ನಕ್ಕಳು. ‘ಯಾರೂ ಬೆರೆಸಿಲ್ಲಪ್ಪಾ. ಅದು ಪಿಷ್ಟ, ಅಯೋಡಿನ್ ತಾಗಿದ್ರೆ ಹಂಗಾಗ್ತೈತೆ. ಪಿಷ್ಟ ಅಂದ್ರೆ ಸಕ್ಕರೇನೇ, ಕೈ ಕೈ ಹಿಡ್ಕಂಡು ಸಾಲಾಗಿ ನಿಂತೈತೆ ಅಷ್ಟೆ.’

‘ಸಕ್ಕರೆ ಆಗಿದ್ರೆ ಸಿಹಿ ಯಾಕಿಲ್ಲ?’ ಎಂದ ಅಜ್ಜ.

‘ಹಿಡಿದ ಕೈ ಬಿಡಿಸಿದ್ರೆ ಸಿಹಿ. ಬಾಯಾಗಿನ ಎಂಜಲು ಬಿಡಿಸ್ತೈತೆ. ಒಂದು ಹಿಡಿ ಅಗದು ನೋಡು. ನುಂಗಬ್ಯಾಡ, ನಾ ಹೇಳೋತನಕ ಮಾತೂ ಆಡಬ್ಯಾಡ.’

‘ಇವರ ಬಾಯಿ ಮುಚ್ಚಿಸಿದ್ರೆ ನಿನ್ನ ಓದು ಸಾರ್ಥಕ ಆತು ಬಿಡವ್ವ’ ಎಂದಳು ಅಜ್ಜಿ.

ಡಬ್ಬಿಯಿಂದ ತೆಗೆದುಕೊಟ್ಟ ಬೇರೆ ಮಂಡಕ್ಕಿಯನ್ನು ಅಜ್ಜ ಅಗಿದ, ನಾನೂ ಅಗಿದೆ. ಮೊದಲು ಉಪ್ಪು, ಆಮೇಲೆ ಸಪ್ಪೆ ಮುದ್ದೆ, ಆಮೇಲೆ ನಾಲಿಗೆಯ ಮೇಲೆ ಕಳ್ಳನಂತೆ ಬಂದ ಸಣ್ಣ ಸಿಹಿ. ಅಜ್ಜನಿಗೂ ಅದು ಸಿಕ್ಕಿದ್ದು ಅವನ ಮುಖದಲ್ಲೇ ಕಂಡಿತು, ದವಡೆ ನಿಂತುಹೋಯಿತು. ಹುಟ್ಟಿದಾಗಿನಿಂದ ಮಂಡಕ್ಕಿ ತಿಂದವನು, ಅಷ್ಟು ಹೊತ್ತು ಅದನ್ನು ಬಾಯಲ್ಲಿಟ್ಟುಕೊಂಡದ್ದು ಅದೇ ಮೊದಲಿರಬೇಕು.

‘ಹೌದಲ್ಲೇ ತಂಗಿ’ ಎಂದ ಅತ್ತೆಗೆ, ಮೆಲ್ಲಗೆ. ಬೋಗುಣಿಯನ್ನು ದೂರ ಸರಿಸಿ, ‘ಹಂಗಾದ್ರೆ ನಾಳಿಂದ ಭಟ್ಟಿಯಾಗೆ ರುಚಿ ನೋಡೋರ‍್ಯಾರು?’ ಎಂದ. ಬೆರಳು ಹೋದೀತೆಂದು ಡಾಕ್ಟರು ಅಂದಾಗಲೂ ಅವನ ದನಿ ಹಾಗೆ ಕುಗ್ಗಿರಲಿಲ್ಲ.

‘ನಾ ನೋಡ್ತೀನಿ’ ಎಂದಳು ಅತ್ತೆ.

‘ಹೆಣ್ಮಗಳು ಭಟ್ಟಿ ಮುಂದೆ ನಿಂತು ಮುಕ್ಕಿದ್ರೆ ಜನ ಏನಂದಾರು?’ ಎಂದು ಅಜ್ಜಿ ಮೊರ ಕೆಳಗಿಟ್ಟಳು.

‘ಮಂಡಕ್ಕಿ ಚಲೋ ಐತೆ ಅಂತಾರೆ’ ಎಂದ ಅಜ್ಜ.

ಗಾಯ ನಿಧಾನಕ್ಕೆ ಮಾಯಿತು. ಅತ್ತೆಯನ್ನು ಹರಿಹರಕ್ಕೆ ಕೊಟ್ಟರು. ಹುಡುಗಿ ದಿನಾ ಬೆಳಗಿನ ಬಸ್ಸಿಗೆ ಬಂದು ರುಚಿ ನೋಡಿ ಹೋಗಬೇಕೆಂಬುದೊಂದೇ ಅಜ್ಜನ ಷರತ್ತು. ಬೀಗರು ತಮಾಷೆಯೆಂದುಕೊಂಡು ಒಪ್ಪಿದರು. ಅತ್ತೆ ಬಂದೇ ಬಂದಳು. ಈಗ ಆ ಪಡಸಾಲೆಯಿಲ್ಲ, ಭಟ್ಟಿಯ ಜಾಗದಲ್ಲಿ ಟೈಲ್ಸ್ ಅಂಗಡಿಯಿದೆ. ನೀವೂ ಇಂಥದೊಂದು ಮನೆ ಕಳೆದುಕೊಂಡಿರುತ್ತೀರಿ. ಗೋಡೆ ಹೋದ ಮೇಲೂ ಅದರ ವಾಸನೆ ಎಲ್ಲೆಲ್ಲೋ ಎದುರಾಗುತ್ತದೆ.

ಅಜ್ಜ ಹೋದದ್ದು ಅತ್ತೆಯ ಮದುವೆಯಾಗಿ ಎಷ್ಟೋ ವರ್ಷಗಳ ನಂತರ, ಭಟ್ಟಿ ಇನ್ನೂ ಇದ್ದಾಗಲೇ, ಕಾಲಿನ ಅಷ್ಟೂ ಬೆರಳು ಉಳಿಸಿಕೊಂಡೇ. ಹೆಣದ ಮುಂದೆ ತೂರಲು ಮಂಡಕ್ಕಿ ಬೇಕಲ್ಲ, ಭಟ್ಟಿ ಹಚ್ಚಿದರು. ‘ತೂರೋ ಮಂಡಕ್ಕಿಗೆ ಉಪ್ಪು ಯಾಕ್ರೀ ಅಕ್ಕಾರೆ?’ ಎಂದು ಹುರಿಯುವ ಖಾದರ್ ಸಾಬ್ ಕೇಳಿದರು. ‘ಹಾಕ್ರಿ’ ಎಂದಳು ಅತ್ತೆ. ಹೆಣ ಎತ್ತುವತನಕ ಮನೆಯವರು ಬಾಯಿಗೆ ಏನೂ ಹಾಕುವುದಿಲ್ಲ. ಮೊದಲ ಒಬ್ಬೆ ಇಳಿದಾಗ ಅತ್ತೆ ಒಂದು ಹಿಡಿ ಹಾಕಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ನೋಡಿದಳು. ಅತ್ತೆ ಸೈ ಎನ್ನುವತನಕ ಕಾದು, ಚೀಲದ ಬಾಯಿ ಬಿಚ್ಚಿ ಹಿಡಿದಳು.