ಎಲೆ ಇಲ್ಲ, ಹೂ ಇಲ್ಲ, ಕಾಯಿ ಇಲ್ಲ

ಕಳೆದ ವಾರ ಇಂಡಿ ಪಟ್ಟಣದ ಸಂತೆಯಲ್ಲಿ ಒಬ್ಬ ಅಜ್ಜಿ ಬುಟ್ಟಿ ತುಂಬ ಹುಣಸೆ ಚಿಗುರು ಇಟ್ಟುಕೊಂಡು ಕೂತಿದ್ದಳು. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಹುಳಿಗೆ ಬಾಯಲ್ಲಿ ನೀರೂರುವುದು ಸಹಜ, ಕಣ್ಣಲ್ಲೂ ನೀರು ಬಂತು. “ಯಾಕವಾ, ಅಷ್ಟ ಹುಳಿ ಐತೇನು?” ಎಂದು ಅಜ್ಜಿ ನಕ್ಕಳು. ಹೌದೆಂದು ತಲೆಯಾಡಿಸಿದೆ. ನಮ್ಮ ವಿಜ್ಞಾನದ ಸರ್ ನೆನಪಾದರು ಎಂದು ಸಂತೆಯ ನಡುವೆ ನಿಂತು ಯಾರಿಗೆ ಹೇಳುವುದು?

ನಾನಾಗ ತಾಳಿಕೋಟೆ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆ. ಸರ್ ಒಂದು ದಿನ ತರಗತಿಗೆ ಬಂದವರೇ, ಇನ್ನು ಮೇಲೆ ನಿಮಗೆಲ್ಲ ಒಂದೊಂದು ಗಿಡ ಎಂದರು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ. ದೇಶದ ಬೇರೆ ಬೇರೆ ಕಡೆ ಮಕ್ಕಳು ತಮ್ಮ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು ಬಂತೇ, ಹೂ ಬಿಟ್ಟಿತೇ, ಕಾಯಿ ಕಟ್ಟಿತೇ ಎಂದು ಒಂದು ಜಾಲತಾಣಕ್ಕೆ ಕಳಿಸುತ್ತಾರಂತೆ. ಹವೆ ಹೇಗೆ ಬದಲಾಗುತ್ತಿದೆ ಎಂಬುದು ವಿಜ್ಞಾನಿಗಳಿಗೆ ಅದರಿಂದ ತಿಳಿಯುತ್ತದಂತೆ. ನಾವೂ ಸೇರಿದೆವು. ನನ್ನ ಪಾಲಿಗೆ ಬಂದದ್ದು ಶಾಲೆಯ ಎದುರಿನ ರಸ್ತೆ ಬದಿಯ ಹುಣಸೆಮರ.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಮರದ ಕೆಳಗೆ ಕತ್ತೆತ್ತಿ ನಿಲ್ಲುವುದು, ಮನೆಗೆ ಓಡಿ ಅಬ್ಬಾನ ಫೋನ್ ಕಸಿದುಕೊಂಡು ಮಾಳಿಗೆ ಹತ್ತುವುದು, ಅಲ್ಲಿ ಸಿಗ್ನಲ್ ಹುಡುಕಿ ಇಲ್ಲ, ಸ್ವಲ್ಪ, ಬಹಳ ಎಂಬ ಮೂರರಲ್ಲಿ ಒಂದನ್ನು ಒತ್ತುವುದು... ಏನೂ ಬದಲಾಗದಿದ್ದರೂ ಕಳಿಸಲೇಬೇಕು. ಹೂ ಇಲ್ಲದಿದ್ದರೆ ಇಲ್ಲ ಎಂದು ಹೇಳುವುದೂ ಸುದ್ದಿಯೇ ಎಂದು ಸರ್ ನಮ್ಮ ತಲೆಗೆ ತುಂಬಿಬಿಟ್ಟಿದ್ದರು. ಅವರೋ, ಹಾದಿಯಲ್ಲಿ ಸಿಕ್ಕ ಮರಕ್ಕೆಲ್ಲ “ಏನಪಾ, ಆರಾಮ?” ಎಂದು ಕೇಳುತ್ತ ಹೋಗುವ ಮನುಷ್ಯ. ನಾವು ಹಿಂದಿನಿಂದ ಕಿಸಿಕಿಸಿ ನಗುತ್ತಿದ್ದೆವು.

ಆ ವರ್ಷದ ಚಳಿ ಮುಗಿಯುವ ಹೊತ್ತಿಗೆ ರಸ್ತೆ ಅಗಲ ಮಾಡುವವರು ಬಂದು ಮರಗಳಿಗೆ ಕೆಂಪು ಬಣ್ಣದ ಗುರುತು ಹಾಕಿದರು. ನನ್ನ ಹುಣಸೆಗೂ. ನಾನು ಅಳುತ್ತ ಸರ್ ಬಳಿ ಹೋದೆ. ಅವರು ಇಡೀ ತರಗತಿಯ ಮುಂದೆ ಎದೆ ಮುಟ್ಟಿಕೊಂಡು ಹೇಳಿದರು: “ನಿಮ್ಮ ಗಿಡಾ ಈಗ ದೇಶಕ್ಕೆಲ್ಲಾ ಗೊತ್ತಾಗ್ಯಾವ. ವಿಜ್ಞಾನಿಗಳು ದಿನಾ ನೋಡ್ತಾರ. ಅವನ್ನ ಯಾರು ಕಡೀತಾರ? ಕಡಿಯಾಂಗಿಲ್ಲ. ನಾ ಮಾತು ಕೊಡ್ತೇನಿ.”

ಅವರು ಅದನ್ನು ನಿಜವಾಗಿಯೂ ನಂಬಿದ್ದರು. ನಾವು ಕಳಿಸಿದ್ದನ್ನೆಲ್ಲ ಪ್ರಿಂಟ್ ತೆಗೆಸಿಕೊಂಡು ರಸ್ತೆ ಕೆಲಸದವರ ಕಚೇರಿಗೂ ಹೋಗಿ ಬಂದರು. ಅಲ್ಲಿ ಅವರಿಗೆ ಚಹಾ ಕೊಟ್ಟು, ಮಕ್ಕಳ ಕೆಲಸ ಬಹಳ ಛಲೋ ಐತಿ ಎಂದು ಹೊಗಳಿ ಕಳಿಸಿದರಂತೆ. ಸರ್ ಹಿಗ್ಗಿನಿಂದ ಮರಳಿದರು.

ಮರ ಬಿದ್ದದ್ದು ಒಂದು ಮುಂಜಾನೆ, ಪ್ರಾರ್ಥನೆಯ ಹೊತ್ತಿಗೆ. ಕಾಯಿ ಮಾಗಿದ್ದ ಕಾಲ. ಊರಿನವರು ಚೀಲ ಹಿಡಿದು ಓಡಿಬಂದರು. ನಮ್ಮ ತರಗತಿಯ ಹುಡುಗರೂ ಜೇಬು ತುಂಬಿಕೊಂಡರು. ಸರ್ ಕಂಪೌಂಡಿನ ಹತ್ತಿರ ನಿಂತು ನೋಡುತ್ತಿದ್ದರು. ನಾನು ಅವರ ಕಡೆ ತಿರುಗಿದೆ, ಅವರು ಮುಖ ತಿರುಗಿಸಿಕೊಂಡರು. ಅಂದಿನಿಂದ ಹಾಜರಿ ಕೂಗುವಾಗಲೂ ನನ್ನನ್ನು ನೋಡುತ್ತಿರಲಿಲ್ಲ.

ನಾನು ಮಾತ್ರ ವಾರ ತಪ್ಪಿಸಲಿಲ್ಲ. ಬುಡ ಕಿತ್ತ ಗುಂಡಿಯ ಹತ್ತಿರ ನಿಲ್ಲುತ್ತಿದ್ದೆ, ಮಾಳಿಗೆ ಹತ್ತಿ ಕಳಿಸುತ್ತಿದ್ದೆ. ಎಲೆ ಇಲ್ಲ, ಹೂ ಇಲ್ಲ, ಕಾಯಿ ಇಲ್ಲ. ಹಟವೂ ಅಲ್ಲ, ಸಿಟ್ಟೂ ಅಲ್ಲ. ಬಿಟ್ಟರೆ ಏನೋ ಪೂರ್ತಿ ಮುಗಿದುಹೋಗುತ್ತದೆ ಎಂದು ಹೆದರಿಕೆ.

ಮಳೆ ಶುರುವಾದ ಮೇಲೆ ಒಂದು ಸಂಜೆ ಸರ್ ನಮ್ಮ ಮನೆಗೇ ಬಂದರು. ಅಬ್ಬಾ ಗಾಬರಿಯಾಗಿ ಕುರ್ಚಿ ಒರೆಸಿದರು, ಅಮ್ಮಿ ಚಹಾಕ್ಕಿಟ್ಟಳು. ಜಾಲತಾಣದವರು ಸರ್‌ಗೆ ಪತ್ರ ಕಳಿಸಿದ್ದರು: ಹುಣಸೆಮರ ಇಷ್ಟು ದಿನ ಎಲೆಯಿಲ್ಲದೆ ಇರುವುದು ಅಪರೂಪ, ಅದಕ್ಕೇನಾದರೂ ರೋಗವೇ?

“ಯವ್ವಾ, ಸುಳ್ಳು ಕಳಸಬಾರ್ದು,” ಎಂದರು ಸರ್ ಮೆಲ್ಲಗೆ.

“ಸುಳ್ಳಲ್ರಿ ಸರ. ಎಲಿ ಇಲ್ಲಲ್ರಿ...”

ಸರ್ ಫೋನಿನಲ್ಲಿ ಆ ಜಾಲತಾಣ ತೆಗೆದು, ಮರ ಈಗ ಇಲ್ಲ ಎಂಬ ಸಾಲು ತೋರಿಸಿ ನನ್ನ ಕೈಗೆ ಕೊಟ್ಟರು. “ನಿನ್ನ ಗಿಡಾ. ನೀನ ಒತ್ತವಾ.” ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಕಡೆಗೆ ಅವರೇ ಒತ್ತಿದರು. “ನಾ ನಿಮಗ ಕೊಡಬಾರದ ಮಾತು ಕೊಟ್ಟೆ. ತಪ್ಪಾತು ಯವ್ವಾ,” ಎಂದರು, ಅಬ್ಬಾ ಅಮ್ಮಿಯ ಎದುರಿಗೇ. ಹುಡುಗಿಯೊಬ್ಬಳ ಹತ್ತಿರ ಮೇಷ್ಟ್ರು ತಪ್ಪಾಯಿತು ಎನ್ನುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಚಹಾದ ಕಪ್ಪು-ಬಸಿ ಅವರ ಮುಂದೆ ಸರಿಸಿದೆ. ಅವರು ಅರ್ಧ ಕುಡಿದು ಎದ್ದರು.

ಆಮೇಲೆ ಅವರು ಮಕ್ಕಳಿಗೆ ಹೊಸ ಮರ ಹಂಚಲಿಲ್ಲ. ಹಾದಿಯ ಮರಗಳನ್ನು ಮಾತಾಡಿಸುವುದೂ ನಿಂತಿತು. ನಾನು ಮುದ್ದೇಬಿಹಾಳದಲ್ಲಿ ಪಿಯುಸಿ ಓದುತ್ತಿದ್ದಾಗ, ಸರ್ ಎದೆನೋವಿನಿಂದ ತೀರಿಕೊಂಡರು ಎಂದು ಹಳೆಯ ಸಹಪಾಠಿಯೊಬ್ಬಳು ತಿಳಿಸಿದಳು. ನಾನು ಬಸ್ಸಿನಲ್ಲಿದ್ದೆ. ಕಿಟಕಿಯ ಕಡೆ ತಿರುಗಿ ತಾಳಿಕೋಟೆ ಬರುವವರೆಗೂ ಅತ್ತೆ. ಮಣ್ಣು ಮಾಡುವ ಹೊತ್ತಿಗೆ ತಲುಪಲೂ ತಡವಾಗಿತ್ತು...

ಈಗ ನಾನು ಇಂಡಿ ಹತ್ತಿರದ ತಾಂಬಾದಲ್ಲಿ ಅತಿಥಿ ಶಿಕ್ಷಕಿ. ನನ್ನ ಶಾಲೆಯ ಮಕ್ಕಳಿಗೂ ಒಂದೊಂದು ಮರ ಕೊಟ್ಟಿದ್ದೇನೆ. ಸಂತೆಗೆ ಹೋಗಿ ಬಂದ ಆ ವಾರವೇ ಬೇವಿನ ಮರದ ಕೆಳಗೆ ನಿಂತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಅಕ್ಕೋರ, ನಾವು ಫೋನಿನ್ಯಾಗ ಕಳಿಸಿದ್ರ ಈ ಗಿಡಾ ಯಾರೂ ಕಡಿಯಂಗಿಲ್ಲಲ್ರಿ?”

ಹೌದವಾ ಎಂದುಬಿಡಲು ನನಗೂ ಎಷ್ಟು ಆಸೆಯಾಯಿತು! ಸರ್‌ಗೆ ಅಂದು ಬಾಯಿಗೆ ಬಂದದ್ದು ಸುಳ್ಳಲ್ಲ, ಬರೀ ಪ್ರೀತಿ ಎಂದು ಆಗ ತಿಳಿಯಿತು.

“ಕಡದರೂ ಕಡೀಬಹುದವಾ,” ಎಂದೆ. “ಗಿಡಾ ಉಳಸೂದು ನಮ್ಮ ಕೈಯಾಗಿಲ್ಲ. ಆದ್ರ ಅದನ್ನ ನೋಡಿದವರು ಇದ್ರು ಅನ್ನೂದು ಉಳೀತೈತಿ.”

ಹುಡುಗಿ ತಲೆಯಾಡಿಸಿ ಎಲೆ ನೋಡಲು ಹೋದಳು. ಅಂದು ಮನೆಗೆ ಬಂದು ಕೂತ ಸರ್‌ಗೆ ಹೇಳಬೇಕಿದ್ದ ಮಾತು ಇದು. ಆಗ ನನಗೆ ಬರಲಿಲ್ಲ. ಈಗ ಬಂದಿದೆ, ಕೇಳುವುದಕ್ಕೆ ಅವರಿಲ್ಲ.